ಕೂಲರ್ ತರುವ ಮೊದಲು ಅರ್ಥ್ ನೋಡಿ

ಯುಗಾದಿ ಹತ್ತಿರವಾದಂತೆ ಕೊಪ್ಪಳದ ಜವಾಹರ ರಸ್ತೆಯ ಅಂಗಡಿಗಳ ಮುಂದೆ ಕೂಲರ್‌ಗಳು ಸಾಲುಗಟ್ಟುತ್ತವೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲೂ ಇದೇ ನೋಟ. ಒಂದು ಕಡೆ ಕಂಪನಿಯ ಪ್ಲಾಸ್ಟಿಕ್ ಕೂಲರ್, ಇನ್ನೊಂದು ಕಡೆ ಊರಲ್ಲೇ ತಗಡು ಮಡಚಿ, ಮೂರು ಬದಿಗೆ ಹುಲ್ಲಿನ ಪ್ಯಾಡ್ ಕಟ್ಟಿ ತಯಾರಿಸಿದ ದೊಡ್ಡ ಡಬ್ಬಿ. ಕೊಳ್ಳಲು ಬಂದವರು ಗಾಳಿ ಎಷ್ಟು ದೂರ ಹೊಡೆಯುತ್ತದೆ, ಟ್ಯಾಂಕು ಎಷ್ಟು ನೀರು ಹಿಡಿಯುತ್ತದೆ, ಕೊನೆಯ ಬೆಲೆ ಎಷ್ಟು ಎಂದು ಕೇಳುತ್ತಾರೆ. ಮನೆಯಲ್ಲಿ ಹೇಗೆ ಕೂರಿಸಬೇಕು ಎಂದು ಕೇಳುವವರು ಕಡಿಮೆ. ಕೇಳಿದರೂ ಸಿಗುವ ಉತ್ತರ ಒಂದೇ: "ಏನಿಲ್ರೀ, ಪಿನ್ ಹಾಕ್ರಿ, ಸ್ವಿಚ್ ಒತ್ರಿ, ಆತು."

ಅಪಾಯದ ಬೇರು ಇಲ್ಲಿಯೇ ಇದೆ. ಏಸಿ ಕೊಂಡರೆ ಕೂರಿಸಲು ಮೆಕ್ಯಾನಿಕ್ ಬರುತ್ತಾನೆ, ಗೋಡೆ ಕೊರೆಯುತ್ತಾನೆ, ಇದಕ್ಕೆ ಬೇರೆ ಲೈನ್ ಎಳೆಸಿದ್ದೀರಾ ಎಂದು ಒಂದು ಮಾತಾದರೂ ಕೇಳುತ್ತಾನೆ. ಕೂಲರ್‌ಗೆ ಯಾರೂ ಬರುವುದಿಲ್ಲ. ಆದರೆ ನೀರು, ತಗಡು, 230 ವೋಲ್ಟಿನ ಕರೆಂಟು ಮೂರೂ ಒಂದೇ ಡಬ್ಬಿಯಲ್ಲಿ ಕೂಡಿರುವುದು ಕೂಲರ್‌ನಲ್ಲಿ. ಅದನ್ನು ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು, ಕೊಡದಿಂದ ನೀರು ಸುರಿಯುತ್ತ ಮುಟ್ಟುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು ಮತ್ತು ಮಕ್ಕಳು. ಬೇಸಿಗೆ ಬಂದಾಗಲೆಲ್ಲ ದೇಶದ ಯಾವುದಾದರೊಂದು ಊರಿನಿಂದ ಕೂಲರ್ ಮುಟ್ಟಿ ಸತ್ತವರ ಸುದ್ದಿ ಬರುತ್ತದೆ. ಅವುಗಳಲ್ಲಿ ಬಹುಪಾಲು ಸಾವುಗಳನ್ನು ಒಂದು ಅರ್ಥ್ ತಂತಿ ಮತ್ತು ಸುಮಾರು ಎರಡು ಸಾವಿರ ರೂಪಾಯಿಯ ಒಂದು ಉಪಕರಣ ತಡೆಯಬಲ್ಲವು. ಆದ್ದರಿಂದ ಈ ಲೇಖನದಲ್ಲಿ ಯಂತ್ರಕ್ಕಿಂತ ಮೊದಲು ಮನೆಯ ಮಾತು ಬರುತ್ತದೆ.

ನಿಮ್ಮ ಊರಿಗೆ ಯಾವುದು?

ಒಂದೇ ಜಿಲ್ಲೆಯಾದರೂ ನಾಲ್ಕೂ ಕಡೆ ಬೇಸಿಗೆ ಒಂದೇ ತರಹ ಇರುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಏಪ್ರಿಲ್‌ನಲ್ಲಿ ಗಾಳಿ ಒಣಗಿರುತ್ತದೆ. ಹಿಂಡಿದ ಬಟ್ಟೆ ನೋಡನೋಡುತ್ತಲೇ ಆರುತ್ತದೆ. ಕೂಲರ್‌ಗೆ ಬೇಕಾದದ್ದು ಇಂಥ ಗಾಳಿಯೇ. ನೀರು ಆವಿಯಾಗುವಾಗ ಗಾಳಿಯಿಂದ ಶಾಖ ಹೀರುತ್ತದೆ, ಗಾಳಿ ಒಣಗಿದಷ್ಟೂ ಹೆಚ್ಚು ನೀರು ಆವಿಯಾಗುತ್ತದೆ. ಹೊರಗೆ 40 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ. 20 ಇದ್ದರೆ, ಒಳ್ಳೆಯ ಪ್ಯಾಡ್ ಇರುವ ಕೂಲರ್ ಸುಮಾರು 27 ಡಿಗ್ರಿಯ ಗಾಳಿ ಕೊಡಬಲ್ಲದು. ಅದೇ ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಗಳಲ್ಲಿ ನಿಂತಿರುವಾಗ, ಅಥವಾ ಅಡ್ಡಮಳೆ ಬಿದ್ದ ಮರುದಿನ, ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಹೊರಗೆ 35 ಡಿಗ್ರಿ, ತೇವಾಂಶ ಶೇ. 50 ಎಂದಾದರೆ ಅದೇ ಕೂಲರ್ ಆರೇಳು ಡಿಗ್ರಿ ಇಳಿಸಿದರೆ ಹೆಚ್ಚು. ಮೈ ಅಂಟಂಟಾಗುತ್ತದೆ, ಹಾಸಿಗೆ ತಣ್ಣಗೆ ಒದ್ದೆಯಾದಂತೆ ಅನಿಸುತ್ತದೆ. ಆಗ ಜನ ಕೂಲರ್ ಕೆಟ್ಟಿದೆ ಎನ್ನುತ್ತಾರೆ. ಯಂತ್ರ ಸರಿಯಾಗಿಯೇ ಇರುತ್ತದೆ, ಗಾಳಿ ಅದಕ್ಕೆ ಹೊಂದುವುದಿಲ್ಲ ಅಷ್ಟೆ.

ಏಸಿ ಹುಟ್ಟಿದ್ದೇ ಗಾಳಿಯ ತೇವ ತೆಗೆಯುವುದಕ್ಕೆ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಕೂಡದಿದ್ದಾಗ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ರೂಪಿಸಿದ ವ್ಯವಸ್ಥೆಯಿಂದ ಇದರ ಕಥೆ ಶುರುವಾಗುತ್ತದೆ. ಇಂದಿನ ಸ್ಪ್ಲಿಟ್ ಏಸಿಯ ಒಳಗಿನ ಪೆಟ್ಟಿಗೆಯಲ್ಲಿ ಮುಖ್ಯವಾಗಿ ಇರುವುದು ಒಂದು ಫ್ಯಾನು, ಒಂದು ತಣ್ಣನೆಯ ಕೊಳವೆ ಸುರುಳಿ. ಗಾಳಿ ಸುರುಳಿಗೆ ತಾಗಿದಾಗ ಅದರ ತೇವ ಹನಿಯಾಗಿ ಇಳಿಯುತ್ತದೆ. ಹೀಗಾಗಿ ಗಂಗಾವತಿಯ ಭತ್ತದ ಸೀಮೆಯಲ್ಲಿ ಕೂಲರ್ ಸೋಲುವ ದಿನಗಳಲ್ಲೂ ಏಸಿ ಕೆಲಸ ಮಾಡುತ್ತದೆ. ಬಿಸಿ ಗಾಳಿಯನ್ನೂ ಕೊಡುವ 'ಹಾಟ್ ಅಂಡ್ ಕೋಲ್ಡ್' ಏಸಿಗೆ ಹೆಚ್ಚು ಹಣ ಕೊಡುವ ಅಗತ್ಯ ನಮ್ಮ ಜಿಲ್ಲೆಯಲ್ಲಿ ಇಲ್ಲ. ಗವಿಮಠದ ಜಾತ್ರೆಯ ಹೊತ್ತಿನ ಚಳಿಗೆ ಒಂದು ದಪ್ಪ ಕೌದಿ ಸಾಕು.

ಖರ್ಚಿನ ಲೆಕ್ಕವನ್ನೂ ಕೊಳ್ಳುವ ಮೊದಲೇ ಹಾಕಬೇಕು. 150ರಿಂದ 200 ವ್ಯಾಟಿನ ಕೂಲರ್ ರಾತ್ರಿ 8 ಗಂಟೆ ಓಡಿದರೆ ಒಂದೂವರೆ ಯೂನಿಟ್ ಆಸುಪಾಸು. ಒಂದೂವರೆ ಟನ್ನಿನ ಹಳೆಯ ಮಾದರಿಯ ಏಸಿ ಅಷ್ಟೇ ಹೊತ್ತಿಗೆ 8ರಿಂದ 10 ಯೂನಿಟ್ ಎಳೆಯಬಹುದು. ಐದು ಸ್ಟಾರಿನ ಇನ್ವರ್ಟರ್ ಏಸಿ ಅದರ ಅರ್ಧದಿಂದ ಮುಕ್ಕಾಲು. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ತಿಂಗಳಿಗೆ 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ನೀರಿನ ಲೆಕ್ಕವೂ ಸಣ್ಣದಲ್ಲ. ಕಡುಬಿಸಿಲಿನಲ್ಲಿ ದೊಡ್ಡ ಕೂಲರ್ ಗಂಟೆಗೆ ಎಂಟು ಹತ್ತು ಲೀಟರ್ ನೀರು ಕುಡಿಯುತ್ತದೆ. ನಲ್ಲಿಗೆ ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಅದು ಒಂದು ಮನೆಯ ಅಡುಗೆಯ ನೀರು.

ಏಸಿಯೋ ಕೂಲರೋ ಎಂಬ ಚರ್ಚೆಗೂ ಮೊದಲು ಛಾವಣಿಯ ಮೇಲೆ ಬಿಳಿ ಸುಣ್ಣ ಬಳಿಯಿರಿ ಎಂಬುದು ನನ್ನ ಸಲಹೆ. ಇಲ್ಲಿನ ಹಳೆಯ ಮಣ್ಣಿನ ಮಾಳಿಗೆಗಳು ಹಗಲಿನ ಝಳವನ್ನು ಒಳಗೆ ಬಿಡುತ್ತಿರಲಿಲ್ಲ. ಈಗಿನ ಆರ್‌ಸಿಸಿ ಛಾವಣಿ ಹಗಲೆಲ್ಲ ಕಾದು ನಡುರಾತ್ರಿಯವರೆಗೆ ಧಗೆ ಬಿಡುತ್ತದೆ, ತಗಡಿನ ಮನೆಯ ಕಷ್ಟ ಕೇಳುವುದೇ ಬೇಡ. ಮೇಲೆ ಬಿಳಿ ಬಣ್ಣ, ಪಶ್ಚಿಮದ ಕಿಟಕಿಗೆ ಚಪ್ಪರ, ತಗಡಿನ ಕೆಳಗೆ ಒಂದು ಒಳಮಾಡು ಮಾಡಿಸಿದರೆ ಸಣ್ಣ ಯಂತ್ರದಲ್ಲೇ ಕೆಲಸವಾಗುತ್ತದೆ.

ಅರ್ಥ್ ಮತ್ತು ಆರ್‌ಸಿಸಿಬಿ

ಕೂಲರ್ ಜೀವ ತೆಗೆಯುವ ಬಗೆಯನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು. ಟ್ಯಾಂಕಿನ ತಳದಲ್ಲಿ ನೀರೆತ್ತುವ ಒಂದು ಸಣ್ಣ ಪಂಪು ಇರುತ್ತದೆ. ಅದರ ತಂತಿ ವರ್ಷದಲ್ಲಿ ನಾಲ್ಕು ತಿಂಗಳು ನೀರಿನಲ್ಲಿ ನೆನೆಯುತ್ತದೆ, ಉಳಿದ ಎಂಟು ತಿಂಗಳು ಒಣಗಿ ಬಿರುಕು ಬಿಡುತ್ತದೆ. ಬಿರುಕಿನಿಂದ ಕರೆಂಟು ನೀರಿಗೆ, ನೀರಿನಿಂದ ತಗಡಿಗೆ ಹರಿಯುತ್ತದೆ. ನಮ್ಮ ಬೋರ್‌ವೆಲ್‌ಗಳ ನೀರು ಗಡಸು, ಅದರಲ್ಲಿ ಲವಣ ಹೆಚ್ಚು, ಲವಣ ಹೆಚ್ಚಿದಷ್ಟೂ ಕರೆಂಟು ಸಲೀಸಾಗಿ ಹರಿಯುತ್ತದೆ. ಕೂಲರ್ ಎಂದಿನಂತೆ ತಣ್ಣನೆ ಗಾಳಿ ಬೀಸುತ್ತಲೇ ಇರುತ್ತದೆ, ಡಬ್ಬಿಯ ಮೈಗೆಲ್ಲ ಕರೆಂಟು ಬಂದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಒದ್ದೆ ಕೈಕಾಲಿನ ದೇಹ ಒಡ್ಡುವ ತಡೆ ಸುಮಾರು 1000 ಓಮ್. ಆಗ ದೇಹದಲ್ಲಿ ಹರಿಯುವುದು 230 ಮಿಲಿಆಂಪಿಯರ್. ಹೃದಯದ ಬಡಿತ ತಪ್ಪಿಸಲು ಅದರ ಒಂದು ಪಾಲೇ ಸಾಕು.

ಮೀಟರಿನ ಹತ್ತಿರ ಎಂಸಿಬಿ ಇದೆ, ಏನಾದರೂ ಆದರೆ ಅದು ಬೀಳುತ್ತದೆ ಎಂದು ಅನೇಕರು ನಂಬಿದ್ದಾರೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ ಅಷ್ಟಕ್ಕಿಂತ ಹೆಚ್ಚು ಕರೆಂಟು ಹರಿಯಬೇಕು. ಮನುಷ್ಯ ಸಾಯುವುದಕ್ಕೆ ಅದರ ನೂರನೇ ಒಂದು ಭಾಗವೂ ಬೇಕಿಲ್ಲ. ಮನುಷ್ಯನನ್ನು ಕಾಯಲೆಂದೇ ಮಾಡಿದ ಉಪಕರಣ ಆರ್‌ಸಿಸಿಬಿ. ಅಂಗಡಿಯಲ್ಲಿ ಕೆಲವರು ಇದನ್ನು ಇಎಲ್‌ಸಿಬಿ ಎಂದೂ ಕರೆಯುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿ ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ, ಅಂದರೆ ಅಷ್ಟು ಕರೆಂಟು ಯಾರದೋ ಮೈಮೂಲಕವೋ ನೀರಿನ ಮೂಲಕವೋ ನೆಲಕ್ಕೆ ಸೋರಿದರೆ, ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕಡಿಯುತ್ತದೆ. ಕೊಳ್ಳುವಾಗ ಅದರ ಮೇಲೆ '30 ಎಂಎ' ಎಂದು ಬರೆದಿರುವುದನ್ನು, ಐಎಸ್‌ಐ ಗುರುತನ್ನು ನೋಡಿ. 100 ಅಥವಾ 300 ಎಂಎ ಎಂದಿರುವುದು ಬೆಂಕಿ ತಡೆಯಲು ಹಾಕುವಂಥದ್ದು, ಅದು ಜೀವ ಉಳಿಸುವುದಿಲ್ಲ. ಇನ್ವರ್ಟರ್ ಏಸಿ ಇರುವ ಮನೆಗೆ 'ಎ ಟೈಪ್' ಎಂದು ಕೇಳಿ ಪಡೆಯುವುದು ಒಳ್ಳೆಯದು. ಅದರ ಮೇಲೊಂದು ಟೆಸ್ಟ್ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿದಾಗ ಲೈನ್ ಹೋದರೆ ಆರ್‌ಸಿಸಿಬಿ ಬದುಕಿದೆ ಎಂದರ್ಥ.

ಆರ್‌ಸಿಸಿಬಿ ಹಾಕಿಸಿದ ಮೇಲೆ "ಪದೇ ಪದೇ ಬೀಳ್ತದ್ರೀ" ಎಂದು ತೆಗೆಸಿ ಹಾಕುವ ಮನೆಗಳೂ ಇವೆ. ಇದರಂಥ ದುಬಾರಿ ತೀರ್ಮಾನ ಇನ್ನೊಂದಿಲ್ಲ. ಅದು ಬೀಳುತ್ತಿದೆ ಎಂದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ವೈರಿಂಗ್‌ನಲ್ಲಿ ತಪ್ಪಿದೆ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ತಪ್ಪು ಬ್ಯಾಟರಿ ಇನ್ವರ್ಟರಿನದು. ಕರೆಂಟು ಹೋದಾಗ ಲೈಟು ಫ್ಯಾನು ಓಡಿಸುವ ಇನ್ವರ್ಟರಿನ ನ್ಯೂಟ್ರಲ್‌ ಅನ್ನು ಮನೆಯ ಉಳಿದ ನ್ಯೂಟ್ರಲ್‌ ಜೊತೆ ಸೇರಿಸಿಬಿಟ್ಟಿರುತ್ತಾರೆ, ಲೆಕ್ಕ ತಾಳೆಯಾಗದೆ ಆರ್‌ಸಿಸಿಬಿ ಬೀಳುತ್ತದೆ. ಎರಡೂ ನ್ಯೂಟ್ರಲ್‌ಗಳನ್ನು ಬೇರೆ ಮಾಡಿಸಿದರೆ ಸರಿಹೋಗುತ್ತದೆ. ತಿಳಿದ ಎಲೆಕ್ಟ್ರಿಷಿಯನ್ ಒಂದೊಂದೇ ಸರ್ಕ್ಯೂಟ್ ಆಫ್ ಮಾಡುತ್ತ ಬಂದರೆ ಸೋರುವ ಜಾಗವನ್ನು ಒಂದು ಗಂಟೆಯೊಳಗೆ ಹಿಡಿಯುತ್ತಾನೆ.

ಇನ್ನು ಅರ್ಥ್. ಮನೆ ಕಟ್ಟುವಾಗ ಒಂದು ಗುಂಡಿ ತೋಡಿ, ಪೈಪು ಹೂತು, ಇದ್ದಿಲು ಉಪ್ಪು ಹಾಕಿದ ನೆನಪು ಎಲ್ಲರಿಗೂ ಇರುತ್ತದೆ. ಆಮೇಲೆ ಅದರ ಮೇಲೆ ಕಟ್ಟೆ ಕಟ್ಟಿ, ಟೈಲ್ಸ್ ಹಾಸಿ ಮರೆತಿರುತ್ತಾರೆ. ಅರ್ಥ್ ಕೆಲಸ ಮಾಡುವುದು ಮಣ್ಣಿನ ತೇವದಿಂದ. ಕುಷ್ಟಗಿ ಕಡೆಯ ಮಸಾರಿ ನೆಲ, ಕಲ್ಲುಮಿಶ್ರಿತ ಮರಡಿ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗಿ ಕರೆಂಟಿಗೆ ದಾರಿ ಕೊಡುವುದಿಲ್ಲ. ಯಲಬುರ್ಗಾ, ಕುಕನೂರು ಕಡೆಯ ಎರೆ ನೆಲ ತೇವ ಹಿಡಿದಿಡುತ್ತದೆ ನಿಜ, ಆದರೆ ಏಪ್ರಿಲ್ ಹೊತ್ತಿಗೆ ಕೈ ತೂರುವಷ್ಟು ಬಿರುಕು ಬಿಟ್ಟು ಪೈಪಿನ ಸುತ್ತ ಮಣ್ಣೇ ಕಳಚಿಕೊಳ್ಳುತ್ತದೆ. ಅಂದರೆ ಕೂಲರ್ ಹೆಚ್ಚು ಓಡುವ ತಿಂಗಳುಗಳಲ್ಲೇ ಅರ್ಥ್ ಅತಿ ದುರ್ಬಲವಾಗಿರುತ್ತದೆ. ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಮೇಲೆ ನೀರು ಸುರಿಯಲು ಬಾಯಿ, ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದೆರಡು ಬಕೆಟ್ ನೀರು: ಇಷ್ಟು ಬೇಕು. ಪಾತ್ರೆ ತೊಳೆದ ನೀರು ಆ ಗುಂಡಿಗೆ ಹೋಗುವಂತೆ ಮಾಡಿದರೆ ಕುಡಿಯುವ ನೀರೂ ಉಳಿಯುತ್ತದೆ. ಅಳತೆಯ ಮೀಟರ್ ಇಟ್ಟುಕೊಂಡ ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ಥ್ ತಡೆ ನೋಡಿಸಿ. 5 ಓಮ್‌ಗಿಂತ ಕಡಿಮೆ ಬಂದರೆ ಚೆನ್ನ.

ಒಂದು ಕೆಲಸವನ್ನು ಮಾತ್ರ ಯಾರು ಹೇಳಿದರೂ ಮಾಡಿಸಬೇಡಿ. ಅರ್ಥ್ ಇಲ್ಲದ ಮನೆಯಲ್ಲಿ ಮೂರು ಪಿನ್ನಿನ ಸಾಕೆಟ್ಟಿನ ಅರ್ಥ್ ತೂತನ್ನು ನ್ಯೂಟ್ರಲ್‌ಗೆ ಜೋಡಿಸಿಬಿಡುವವರಿದ್ದಾರೆ. ಟೆಸ್ಟರ್ ಹಿಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಗಾಳಿಮಳೆಗೆ ಕಂಬದಿಂದ ಬರುವ ನ್ಯೂಟ್ರಲ್ ತಂತಿ ತುಂಡಾದ ದಿನ ಕೂಲರ್, ಫ್ರಿಜ್, ಮಿಕ್ಸರ್ ಎಲ್ಲದರ ಮೈಗೂ ಒಟ್ಟಿಗೆ ಕರೆಂಟು ಬರುತ್ತದೆ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಸಂಪರ್ಕದಿಂದ ಒಂದೆರಡು ಬಲ್ಬಿಗೆಂದು ವೈರಿಂಗ್ ಆದ ಎಷ್ಟೋ ಮನೆಗಳಲ್ಲಿ ಅರ್ಥ್ ತಂತಿಯೇ ಇರುವುದಿಲ್ಲ. ಮಗ ಬೆಂಗಳೂರಿನಿಂದ ಕಳಿಸಿದ ದುಡ್ಡಿನಲ್ಲಿ ಆ ಮನೆಗೆ ಕೂಲರ್ ಬರುತ್ತದೆ. ಅಂಥ ಮನೆಯಲ್ಲಿ ಮೊದಲ ಖರ್ಚು ಅರ್ಥ್ ಗುಂಡಿಗೆ, ಎರಡನೆಯದು ಆರ್‌ಸಿಸಿಬಿಗೆ, ಕೂಲರ್ ಮೂರನೆಯದು. ದುಡ್ಡು ಸಾಲದಿದ್ದರೆ ಕೂಲರನ್ನೇ ಒಂದು ವರ್ಷ ಮುಂದೂಡಿ.

ಕೂಲರ್ ಕೂರಿಸುವಾಗ

ಕೂಲರಿನ ಜಾಗ ಕಿಟಕಿಯ ಹೊರಗೆ, ಗಟ್ಟಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಹೊರಗಿನ ಒಣ ಗಾಳಿ ಅದಕ್ಕೆ ಸಿಗಬೇಕು, ಎದುರಿನ ಬಾಗಿಲೋ ಕಿಟಕಿಯೋ ತೆರೆದಿದ್ದು ಒದ್ದೆಯಾದ ಗಾಳಿ ಹೊರಗೆ ಹೋಗಬೇಕು. ಬಾಗಿಲು ಮುಚ್ಚಿದ ಕೋಣೆಯೊಳಗೆ ಕೂಲರ್ ಇಟ್ಟರೆ ಅರ್ಧ ಗಂಟೆಯಲ್ಲಿ ಸೆಕೆ ಹೆಚ್ಚಾಗುತ್ತದೆ. ಟ್ಯಾಂಕು ತುಂಬಿದಾಗ 60, 80 ಲೀಟರ್ ನೀರಿನದೇ ಅಷ್ಟು ಕಿಲೋ ತೂಕ. ಹಳೆಯ ಟೇಬಲ್ಲು, ಇಟ್ಟಿಗೆ ಪೇರಿಸಿದ ಕಟ್ಟೆ ಅದನ್ನು ತಾಳುವುದಿಲ್ಲ, ಮಕ್ಕಳು ಹಿಡಿದು ಜೋತಾಡಿದರೆ ಮಗುಚಿ ಬೀಳುತ್ತದೆ. ಕಬ್ಬಿಣದ ಕಿಟಕಿ ಸರಳಿಗೆ ತಗಡಿನ ಕೂಲರ್ ತಾಗಿಕೊಂಡಿದ್ದರೆ ಸೋರಿದ ಕರೆಂಟು ಸರಳಿಗೂ ಬರುತ್ತದೆ ಎಂಬುದು ನೆನಪಿರಲಿ. ನಡುವೆ ಒಣ ಮರದ ಪಟ್ಟಿ ಅಥವಾ ರಬ್ಬರ್ ಇರಿಸಿ.

ಎರಡು ಪಿನ್ನಿನ ಪ್ಲಗ್ ಇರುವ ತಗಡಿನ ಕೂಲರ್ ಎಷ್ಟೇ ಅಗ್ಗವಾಗಿರಲಿ, ಹಾಗೆಯೇ ಬಳಸಬೇಡಿ. ಮೂರು ಎಳೆಯ ಕೇಬಲ್ ಹಾಕಿಸಿ, ಹಸಿರು ತಂತಿಯನ್ನು ಬಣ್ಣ ಕೆರೆದ ತಗಡಿನ ಮೈಗೆ ನಟ್ಟು ಬೋಲ್ಟಿನಿಂದ ಬಿಗಿಯಾಗಿ ಕೂರಿಸಿ. ಫ್ಯಾನ್ ಮೋಟರಿನ ಮೈಗೂ ಪಂಪಿಗೂ ಆ ಹಸಿರು ತಂತಿ ಮುಟ್ಟಬೇಕು. ಪ್ಲಗ್ ಪಾಯಿಂಟು ನೀರು ಸಿಡಿಯದ ಎತ್ತರದಲ್ಲಿ ಇರಲಿ. ಕೇಬಲ್ ಸಾಕೆಟ್ಟಿಗೆ ಹೋಗುವ ಮುನ್ನ ಸ್ವಲ್ಪ ಕೆಳಗೆ ಜೋಲು ಬಿದ್ದು ಮೇಲೇರಿದರೆ, ಕೇಬಲ್ ಹಿಡಿದು ಬಂದ ಹನಿ ಸಾಕೆಟ್ ಸೇರದೆ ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟು, ಅದರ ಮೇಲೆ ಚಾಪೆ ಮುಚ್ಚಿ, ಪಕ್ಕದಲ್ಲೇ ಮಲಗುವ ರೂಢಿ ಅಂಗಳದ ಮನೆಗಳಲ್ಲಿ ಬಹಳ. ಟ್ಯಾಂಕು ತುಂಬಿ ಹೊರಗೆ ಹರಿದ ನೀರು ಮೊದಲು ಸೇರುವುದು ಆ ಬಾಕ್ಸಿಗೇ.

ನೀರು ಹಾಕುವ ಕ್ರಮ ಮನೆಯ ಕಟ್ಟುನಿಟ್ಟಾಗಲಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕೈಯಲ್ಲಿ ಹಿಡಿಯುವಂತಿರಬೇಕು, ಆಮೇಲೆ ನೀರು. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸಿಗೆ ಬದಲಾಗಿ ನ್ಯೂಟ್ರಲ್‌ಗೆ ಬಿದ್ದಿರುವುದುಂಟು. ಆಗ ಸ್ವಿಚ್ ಆಫ್ ಆದರೂ ಕೂಲರಿನೊಳಗೆ ಕರೆಂಟು ಇರುತ್ತದೆ. ಕಾಲಿಗೆ ಒಣ ಚಪ್ಪಲಿ ಇರಲಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಈ ಕೆಲಸ ಹಚ್ಚಬೇಡಿ. ಹೊರಗಿನಿಂದ ಪೈಪಿನಲ್ಲಿ ನೀರು ತುಂಬುವ ವ್ಯವಸ್ಥೆ ಮಾಡಿದರೆ ಡಬ್ಬಿ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ವಾರಕ್ಕೊಮ್ಮೆ ಟ್ಯಾಂಕು ಪೂರ್ತಿ ಖಾಲಿ ಮಾಡಿ, ಒಳಗೋಡೆ ಉಜ್ಜಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ಇಂಥ ಸ್ವಚ್ಛ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಏಳರಿಂದ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಆ ಸರಪಳಿ ಕಡಿಯಲು ವಾರದ ಲೆಕ್ಕ. ಹುಲ್ಲಿನ ಪ್ಯಾಡ್ ನಮ್ಮ ಗಡಸು ನೀರಿಗೆ ಒಂದೇ ಬೇಸಿಗೆಯಲ್ಲಿ ಬಿಳಿ ಉಪ್ಪುಗಟ್ಟುತ್ತದೆ. ಪ್ರತಿ ವರ್ಷ ಬದಲಿಸಿ, ಜೊತೆಗೇ ಪಂಪಿನ ತಂತಿಯನ್ನು ಉದ್ದಕ್ಕೂ ಬೆರಳಾಡಿಸಿ ನೋಡಿ. ಇನ್ಸುಲೇಷನ್ ಟೇಪು ಸುತ್ತಿದ ಜೋಡಣೆ ನೀರಿನೊಳಗೆ ಇರಲೇಬಾರದು. ಪಂಪಿಗೆ ಕೆಲವೇ ನೂರು ರೂಪಾಯಿ, ಅನುಮಾನ ಬಂದರೆ ಹೊಸದು ಹಾಕಿ.

ಏಸಿಯ ಕೆಲಸ

ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಸುಮಾರು ಮೂರೂವರೆ ಕಿಲೋವ್ಯಾಟಿನಷ್ಟು ಶಾಖ ಹೊರಹಾಕುವ ಶಕ್ತಿ. ಹತ್ತಕ್ಕೆ ಹನ್ನೆರಡರ ಕೋಣೆಗೆ ಸಾಮಾನ್ಯವಾಗಿ ಒಂದು ಟನ್ ಸಾಕು. ಮೇಲೆ ಬಿಸಿಲು ಬಡಿಯುವ ಛಾವಣಿ ಇದ್ದರೆ ಒಂದೂವರೆ ಬೇಕಾಗುತ್ತದೆ. ಕೊಳ್ಳುವ ಮುನ್ನ ಕರೆಂಟು ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ. ಒಂದೂವರೆ ಟನ್ನಿನ ಏಸಿಯೊಂದೇ ಒಂದೂವರೆ ಕಿಲೋವ್ಯಾಟಿಗೂ ಮೇಲೆ ಎಳೆಯುತ್ತದೆ. ಒಂದು ಕಿಲೋವ್ಯಾಟ್ ಲೋಡಿನ ಮನೆಯಾದರೆ ಜೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳುವುದು ಮೊದಲ ಕೆಲಸ. ಒಂದು ಬೀದಿಯಲ್ಲಿ ಹತ್ತು ಮನೆಯವರು ಹೇಳದೆ ಏಸಿ ಹಾಕಿದರೆ ಸಂಜೆ ಎಲ್ಲರ ವೋಲ್ಟೇಜೂ ಕುಸಿಯುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ.

ಏಸಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಬರಬೇಕು. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಕನಿಷ್ಠ. ದೂರ ಹೆಚ್ಚಿದ್ದರೆ, ಒಂದೂವರೆ ಟನ್ ಇದ್ದರೆ 4 ಚದರ ಮಿಲಿಮೀಟರ್ ಹಾಕಿಸಿ. ಏಸಿಗೆ ತಕ್ಕ 'ಸಿ ಕರ್ವ್' ಎಂಸಿಬಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದಿರಲಿ. ಮಲಗುವ ಕೋಣೆಯ ಮೊಬೈಲ್ ಚಾರ್ಜಿಂಗ್ ಪಾಯಿಂಟಿನಿಂದ ತಂತಿ ಎಳೆದು ಏಸಿ ಓಡಿಸಿದರೆ ಗೋಡೆಯೊಳಗಿನ ತಂತಿ ಕಾದು, ಇನ್ಸುಲೇಷನ್ ಕರಗಿ, ರಾತ್ರಿ ಎಲ್ಲರೂ ನಿದ್ದೆಯಲ್ಲಿರುವಾಗ ಬೆಂಕಿ ಹತ್ತುತ್ತದೆ.

ಗೋಡೆಯ ವಿಚಾರ ನಮ್ಮ ಊರುಗಳಲ್ಲಿ ವಿಶೇಷ ಗಮನ ಬೇಡುತ್ತದೆ. ಏಸಿ ಕಂಪನಿಯ ಸೂಚನೆ ಪುಸ್ತಕ ಬರೆದವರ ಕಣ್ಣಮುಂದೆ ಇರುವುದು ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆ. ಇಲ್ಲಿನ ಹಳೆಯ ಮನೆಗಳ ಗೋಡೆ ಎರಡು ಅಡಿ ದಪ್ಪದ್ದು, ಹೊರಗೆ ಕಲ್ಲು, ನಡುವೆ ಮಣ್ಣು. ಕಲ್ಲಿನ ಸಂದಿಗೆ ಹೊಡೆದ ಫಾಸ್ಟನರ್ ಮಣ್ಣಿನಲ್ಲಿ ಹಿಡಿಯುವುದಿಲ್ಲ, ಮೊದಲ ದಿನ ಗಟ್ಟಿಯಾಗಿಯೇ ಕಂಡು ಕಂಪ್ರೆಸರಿನ ನಡುಕಕ್ಕೆ ತಿಂಗಳುಗಳಲ್ಲಿ ಸಡಿಲಾಗುತ್ತದೆ. ಹೊರಗಿನ ಘಟಕ 25ರಿಂದ 35 ಕಿಲೋ ತೂಗುತ್ತದೆ, ಅದರ ಕೆಳಗೆ ಓಣಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಇಂಥ ಮನೆಯಲ್ಲಿ ಹೊರಗಿನ ಘಟಕವನ್ನು ಗೋಡೆಗೆ ನೇತುಹಾಕದೆ ನೆಲದ ಮೇಲೆ ಕಾಂಕ್ರೀಟ್ ಪೀಠ ಕಟ್ಟಿ ಕೂರಿಸುವುದೇ ಸರಿ. ಸಿಮೆಂಟಿನ ಹಾಲೋ ಬ್ಲಾಕ್ ಗೋಡೆಯಾದರೆ ಗೋಡೆಯ ಎರಡೂ ಬದಿಗೆ ಪಟ್ಟಿ ಕೊಟ್ಟು ಆರುಪಾರು ಬೋಲ್ಟ್ ಹಾಕಬೇಕು.

ಹೊರಗಿನ ಘಟಕದ ಜಾಗ ತಪ್ಪಿದರೆ ಎಷ್ಟು ಸ್ಟಾರಿನ ಏಸಿಯಾದರೂ ವ್ಯರ್ಥ. ಒಳಗಿನ ಶಾಖವನ್ನು ಹೊರಗೆ ಸುರಿಯುವುದು ಅದರ ಕೆಲಸ, ಸುತ್ತಲಿನ ಗಾಳಿಯೇ ಕಾದಿದ್ದರೆ ಸುರಿಯುವುದಾದರೂ ಎಲ್ಲಿಗೆ? ಪಶ್ಚಿಮದ ಗೋಡೆ, ತಗಡಿನ ಮಾಡಿನ ಮಗ್ಗುಲು ಬೇಡ. ಉತ್ತರದ ಗೋಡೆ ಉತ್ತಮ, ಇಲ್ಲದಿದ್ದರೆ ಪೂರ್ವ. ಹಿಂದೆ ಒಂದು ಗೇಣಿನಷ್ಟು, ಮುಂದೆ ಎರಡು ಮೂರು ಅಡಿ ಬಿಡುವು ಬೇಕು. ಕೊಪ್ಪಳ, ಗಿಣಿಗೇರಿ ಕಡೆ ಕಾರ್ಖಾನೆಗಳ ಕಪ್ಪು ದೂಳು, ಗಂಗಾವತಿ ಮತ್ತು ಕಾರಟಗಿಯ ರೈಸ್‌ಮಿಲ್ಲುಗಳ ಸುತ್ತ ತೌಡು ಮತ್ತು ಹೊಟ್ಟಿನ ಬೂದಿ ಆ ಸುರುಳಿಯ ಸಂದುಗಳನ್ನು ಬೇಗ ಮುಚ್ಚುತ್ತವೆ. ಉಳಿದೆಡೆ ವರ್ಷಕ್ಕೊಮ್ಮೆ ತೊಳೆಸಿದರೆ ನಡೆದೀತು, ಇಲ್ಲಿ ಒಂದೇ ಬೇಸಿಗೆಯಲ್ಲಿ ಎರಡು ಸಲವಾದರೂ ಬೇಕು. ಒಳಗಿನ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ಮನೆಯವರೇ ನಲ್ಲಿ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬಹುದು.

ಒಳಗಿನ ಘಟಕ ಏಳೆಂಟು ಅಡಿ ಎತ್ತರದಲ್ಲಿ, ಛಾವಣಿಯಿಂದ ಅರ್ಧ ಅಡಿ ಕೆಳಗಿರಲಿ. ಟಿವಿ, ಸ್ವಿಚ್ ಬೋರ್ಡುಗಳ ನೇರ ಮೇಲೆ ಬೇಡ, ಎಂದಾದರೊಂದು ದಿನ ಅದು ಸೋರಿಯೇ ಸೋರುತ್ತದೆ. ಗೋಡೆಯ ತೂತು ಹೊರಮುಖವಾಗಿ ತುಸು ಇಳಿಜಾರಿರಬೇಕು, ಡ್ರೇನ್ ಪೈಪು ಎಲ್ಲೂ ಮೇಲೇಳದೆ ಇಳಿಯುತ್ತ ಹೋಗಬೇಕು. ಕೆಲಸ ಮುಗಿದ ಮೇಲೆ ಒಂದು ಚೊಂಬು ನೀರು ಒಳಗಿನ ತಟ್ಟೆಗೆ ಹಾಕಿಸಿ, ಅಷ್ಟೂ ಹೊರಗೆ ಬರುವುದನ್ನು ಕಣ್ಣಾರೆ ನೋಡಿ. ತೂತಿನ ಸುತ್ತ ಬಿಗಿಯಾಗಿ ಮುಚ್ಚಿಸಿ. ಇಲಿ, ಅಳಿಲು ನುಗ್ಗಿ ತಂತಿ ಕಡಿಯುವುದು ಹೊಲದ ಪಕ್ಕದ ಮನೆಗಳಲ್ಲಿ ಸಾಮಾನ್ಯ.

ಗ್ಯಾಸಿನ ಕೆಲಸ ಮಾಡುವಾಗ ಮನೆಯವರು ಎದುರಿಗೇ ನಿಂತು ನೋಡಬೇಕು. ಹೊಸ ಏಸಿಗಳಲ್ಲಿ ಹೆಚ್ಚಾಗಿ ಇರುವ ಆರ್-32 ಗ್ಯಾಸು ಓಜೋನ್ ಪದರಕ್ಕೆ ಹಾನಿ ಮಾಡುವುದಿಲ್ಲ, ಆದರೆ ಅದಕ್ಕೆ ಬೆಂಕಿ ಹತ್ತುವ ಗುಣ ಸ್ವಲ್ಪ ಇದೆ. ಆರ್-290 ಎಂದರೆ ಪ್ರೊಪೇನ್, ಅಡುಗೆ ಗ್ಯಾಸಿನಷ್ಟೇ ಸಲೀಸಾಗಿ ಹತ್ತಿಕೊಳ್ಳುತ್ತದೆ. ಯಾವ ಗ್ಯಾಸು ಎಂಬುದು ಹೊರಗಿನ ಘಟಕದ ಪಟ್ಟಿಯಲ್ಲಿ ಬರೆದಿರುತ್ತದೆ, ಅದನ್ನೇ ತುಂಬಿಸಬೇಕು. ಕೆಲಸ ನಡೆಯುವಾಗ ಬೀಡಿ, ಊದಿನಕಡ್ಡಿ, ದೇವರ ದೀಪ ಆ ಕೋಣೆಯಲ್ಲಿ ಬೇಡ, ಕಿಟಕಿ ತೆರೆದಿರಲಿ. ಪೈಪಿನ ಜೋಡಣೆ ಸೋರುತ್ತದೆಯೇ ಎಂದು ಪರೀಕ್ಷಿಸಲು ಬಳಸಬೇಕಾದದ್ದು ನೈಟ್ರೋಜನ್. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ತಂದರೆ ತಕ್ಷಣ ತಡೆಯಿರಿ, ಒತ್ತಡದ ಆಕ್ಸಿಜನ್ ಕಂಪ್ರೆಸರಿನ ಎಣ್ಣೆಗೆ ತಾಗಿದರೆ ಸ್ಫೋಟಿಸುತ್ತದೆ. ನಂತರ ವ್ಯಾಕ್ಯೂಮ್ ಪಂಪು ಹಚ್ಚಿ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಪೈಪಿನ ಗಾಳಿ ಮತ್ತು ತೇವ ಎಳೆಯಬೇಕು. ಆತುರದಲ್ಲಿರುವವರು ಪಂಪಿಲ್ಲದೆ, ಏಸಿಯ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಓಡಿಸಿದಂತೆ ಮಾಡುತ್ತಾರೆ. ಪೈಪಿನಲ್ಲಿ ಉಳಿದ ತೇವದಿಂದ ಎರಡು ಮೂರು ವರ್ಷಕ್ಕೇ ಕಂಪ್ರೆಸರ್ ಹೋಗುತ್ತದೆ, ಹೊರಗೆ ಬಿಟ್ಟ ಆರ್-32ರ ಒಂದು ಕಿಲೋ ಭೂಮಿಯನ್ನು 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ. ಐಟಿಐನಲ್ಲಿ ರೆಫ್ರಿಜರೇಷನ್ ಕಲಿತ ಹುಡುಗರು ನಮ್ಮಲ್ಲೇ ಇದ್ದಾರೆ. ನೂರಿನ್ನೂರು ಕಡಿಮೆಗೆ ಒಪ್ಪಿದವನ ಬದಲು ಅಂಥವರನ್ನು ಕರೆಯಿರಿ.

ಆ ಹುಡುಗನ ಜೀವವೂ ನಿಮ್ಮ ಮನೆಯ ಹೊಣೆ. ಎರಡನೇ ಮಹಡಿಯ ಸಜ್ಜೆಯ ಮೇಲೆ ಒಂದು ಕಾಲಿಟ್ಟು, ಮೂವತ್ತು ಕಿಲೋ ಎತ್ತಿ ಹಿಡಿದು ಬೋಲ್ಟ್ ಬಿಗಿಯುವವನಿಗೆ ಸೊಂಟದ ಬೆಲ್ಟು, ಮೇಲೆ ಹಗ್ಗ ಹಿಡಿಯಲು ಇನ್ನೊಬ್ಬ ಬೇಕು. ಬೆಲ್ಟಿಲ್ಲದೆ ಬಂದಿದ್ದರೆ ಕೆಲಸವನ್ನು ಮರುದಿನಕ್ಕೆ ಹಾಕಿ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಮಾಳಿಗೆಯ ಕೆಲಸ ಮಾಡಿಸಬೇಡಿ, ಬೆಳಿಗ್ಗೆ ಏಳಕ್ಕೆ ಕರೆಸಿ. ಹತ್ತಿರದಲ್ಲಿ ಜೆಸ್ಕಾಂ ತಂತಿ ಹಾದಿದ್ದರೆ ಕಬ್ಬಿಣದ ಏಣಿ, ತಾಮ್ರದ ಪೈಪು ಎತ್ತುವ ಮುನ್ನ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಬೇಕು. 1912ಕ್ಕೆ ಕರೆ ಮಾಡಿಯೂ ಕೇಳಬಹುದು.

ಓಡಿಸುವಾಗ 24 ಡಿಗ್ರಿಗೆ ಇಡಿ, ಮೇಲೆ ಫ್ಯಾನು ನಿಧಾನಕ್ಕೆ ತಿರುಗಲಿ. 2020ರ ಜನವರಿಯಿಂದ ದೇಶದಲ್ಲಿ ಮಾರುವ ಸ್ಟಾರ್ ಗುರುತಿನ ಏಸಿಗಳು ಆನ್ ಮಾಡಿದೊಡನೆ 24ಕ್ಕೇ ನಿಲ್ಲುವಂತೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ನಿಯಮ ಮಾಡಿದೆ. ಮೇ ತಿಂಗಳ ಸಂಜೆ ಮೋಡ ಕಪ್ಪಾಗಿ ಗುಡುಗು ಕೇಳಿಸಿದರೆ ಕೂಲರ್ ಪ್ಲಗ್ ಕಿತ್ತು, ಏಸಿಯ ಎಂಸಿಬಿ ಇಳಿಸಿಬಿಡಿ. ಸಿಡಿಲು ಕಂಬಕ್ಕೆ ಬಿದ್ದರೆ ಸ್ಟೆಬಿಲೈಸರ್ ಅದನ್ನು ತಡೆಯುವುದಿಲ್ಲ.

ಇಷ್ಟಾದರೂ ಯಾರಿಗಾದರೂ ಕರೆಂಟು ಹಿಡಿದರೆ, ಅವರನ್ನು ಕೈಯಿಂದ ಎಳೆಯಲು ಹೋಗಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮನೆಯ ಇಬ್ಬರು ಮೂವರು ಸಾಯುವುದು ಹೀಗೆಯೇ. ಮೊದಲು ಮೇನ್ ಇಳಿಸಿ. ಮೇನ್ ದೂರವಿದ್ದರೆ ಒಣ ಚಪ್ಪಲಿ ಮೆಟ್ಟಿ, ಒಣ ಕಟ್ಟಿಗೆಯಿಂದ ತಂತಿಯನ್ನೋ ಅವರ ಕೈಯನ್ನೋ ಬೇರೆ ಮಾಡಿ. ಉಸಿರು ಇಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ಎರಡು ಅಂಗುಲ ಒಳಗಿಳಿಯುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಿ, 108ಕ್ಕೆ ಇನ್ನೊಬ್ಬರು ಕರೆ ಮಾಡಲಿ. ನೀರು ಕುಡಿಸುವುದು, ಮಣ್ಣಿನಲ್ಲಿ ಹೂಳುವುದು ಬೇಡ. ಗಾಡಿ ಬರುವವರೆಗೆ ಕೈ ಸೋತರೆ ಇನ್ನೊಬ್ಬರಿಗೆ ಬಿಟ್ಟುಕೊಡಿ, ಒತ್ತುವುದು ನಿಲ್ಲಬಾರದು. ಎಚ್ಚರವಾಗಿ ಎದ್ದು ಕೂತವರನ್ನೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಆ ಕೂಲರನ್ನು ಎಲೆಕ್ಟ್ರಿಷಿಯನ್ ಬಿಚ್ಚಿ ನೋಡುವವರೆಗೆ ಯಾರೂ ಮತ್ತೆ ಪ್ಲಗ್‌ಗೆ ಹಾಕದಂತೆ ಅದರ ಪಿನ್ನನ್ನು ಕತ್ತರಿಸಿ ಇಡಿ.